ನೀಲಿ ಬಟ್ಟೆ ಕಟ್ಟಿದ ಗಿಡಗಳು

ಮಲ್ಲಂದೂರಿನ ಚನ್ನಕೇಶವ ಗೌಡರ ತೋಟದಲ್ಲಿ ಬೋರರ್ ನೋಡುವ ಕೆಲಸ ಅರುಣಾಳದು. ಅರೇಬಿಕಾ ಕಾಫಿ ಗಿಡದ ಕಾಂಡ ಕೊರೆದು ಒಳಗೇ ಬೆಳೆಯುವ ಹುಳ ಅದು. ದುಂಬಿಯಾಗಿ ಹೊರಗೆ ಹಾರುವ ಮೊದಲೇ ಹುಳ ಬಿದ್ದ ಗಿಡವನ್ನು ಗುರುತಿಸಿ ಕೀಳಿಸಬೇಕು. ಮಾರ್ಚ್ ತಿಂಗಳಿಡೀ ಅವಳು ಸಾಲು ಹಿಡಿದು ನಡೆದು, ಎಲೆ ಹಳದಿಯಾದ ಗಿಡಗಳಿಗೆ ಹಳದಿ ಟೇಪು ಕಟ್ಟುತ್ತಿದ್ದಳು.

ಒಂದು ಸೋಮವಾರ ತೋಟದ ಲೆಕ್ಕ ಬರೆಯುವ ರೈಟರ್ ಪ್ರಸಾದ್ ಅವಳನ್ನು ತಡೆದು ನಿಲ್ಲಿಸಿದ.

"ಕೆಳಗಿನ ಬ್ಲಾಕಲ್ಲಿ ನಲವತ್ತು ಗಿಡ ಅಂತ ನೀನೇ ಅಂದಿದ್ದೆ. ಅರವತ್ತಮೂರು ಇದಾವಲ್ಲ?"

"ನಾನು ಕಟ್ಟಿದ್ದು ನಲವತ್ತೇ ರೈಟ್ರೇ."

"ಮತ್ತೆ ಆ ನೀಲಿ ಬಟ್ಟೆ ಯಾರು ಕಟ್ಟಿದ್ದು? ಗಿಡ ನೋಡಿದ್ರೆ ಹಸಿರಾಗಿ ನಿಂತಿವೆ. ಮನೇಲಿ ಸೌದೆ ಖಾಲಿ ಆಯ್ತಾ?"

ಹುಳ ಬಿದ್ದ ಭಾಗ ಸುಟ್ಟ ಮೇಲೆ ಉಳಿದ ಕೊಂಬೆಗಳನ್ನು ಕೂಲಿಯವರ ಲೈನ್ ಮನೆಗಳವರು ಒಲೆಗೆ ಒಯ್ಯುವುದಿತ್ತು. ಮಾತಿನ ಮೊನೆ ಎಲ್ಲಿಗೆ ಅಂತ ಅರುಣಾಳಿಗೆ ತಿಳಿಯಿತು. ಹೋಗಿ ನೋಡಿದರೆ ಇಪ್ಪತ್ತಮೂರು ಗಿಡಗಳಿಗೆ ಹರಿದ ನೀಲಿ ಬಟ್ಟೆ. ಬಿಚ್ಚಿಹಾಕೋಣವೆಂದುಕೊಂಡಳು. ಬಿಚ್ಚಿದರೆ ಕಳ್ಳತನ ಮುಚ್ಚಿಟ್ಟಳು ಎನ್ನುತ್ತಾರೆ. ಸೌದೆ ಸಾಗಿಸಲು ಪ್ರಸಾದನೇ ಹೂಡಿದ ಆಟ ಇರಬಹುದೇ? ಎರಡು ದಿನ ಅವಳು ಲೈನ್ ಮನೆಗಳ ಮುಂದೆ ಒಣಗಲು ಹಾಕಿದ ಬಟ್ಟೆಯನ್ನೆಲ್ಲ ಕಣ್ಣಲ್ಲೇ ತಡಕಿದಳು. ಪಕ್ಕದ ಮನೆಯ ಮರಿಯಮ್ಮನ ನೀಲಿ ಟವಲ್ ಅಂಚು ಹರಿದಿದ್ದು ಕಂಡು ಇಡೀ ಸಂಜೆ ಅವಳನ್ನೇ ಅನುಮಾನಿಸಿದಳು.

ಬುಧವಾರ ಬೆಳಗಿನ ಹಾಜರಿಗೆ ಮೊದಲೇ ಕೆಳಗಿನ ಬ್ಲಾಕಿಗೆ ಹೋಗಿ ಸಿಲ್ವರ್ ಓಕ್ ಮರದ ಹಿಂದೆ ಕೂತಳು. ಸ್ವಲ್ಪ ಹೊತ್ತಿಗೆ ಬಂದವಳು ಭಾಗಮ್ಮ.

ಅರುಣಾಳಿಗಿಂತ ಮೊದಲು ಇಪ್ಪತ್ತು ವರ್ಷ ಬೋರರ್ ನೋಡುವ ಕೆಲಸ ಮಾಡಿದ್ದವಳು ಭಾಗಮ್ಮ. ಅವಳ ಕಣ್ಣು ಮಂಜಾಗಿದೆ, ಗಿಡ ಬಿಟ್ಟುಬಿಡುತ್ತಾಳೆ ಎಂದು ಹೋದ ವರ್ಷ ಗೌಡರಿಗೆ ಹೇಳಿದ್ದು ಅರುಣಾಳೇ. ಆಮೇಲೆ ಭಾಗಮ್ಮನನ್ನು ಕಳೆ ಕೀಳಲು ಹಾಕಿದ್ದರು.

ಭಾಗಮ್ಮ ಕಣ್ಣು ಮುಚ್ಚಿ, ಎರಡೂ ಅಂಗೈಗಳಲ್ಲಿ ಕಾಂಡವನ್ನು ಬಳಸಿ ಹಿಡಿದು, ಮೇಲಿನಿಂದ ಬುಡದವರೆಗೆ ಸವರಿದಳು. ಸೊಂಟದಿಂದ ನೀಲಿ ಚೂರೊಂದನ್ನು ಎಳೆದು ಕಟ್ಟಿದಳು.

ಅರುಣಾ ಮರದ ಹಿಂದಿನಿಂದ ಎದ್ದುಬಂದಳು. "ನನ್ನ ಹೆಸ್ರು ಕೆಡ್ಸೋಕೆ ಇದೆಲ್ಲ ಮಾಡ್ತಿದ್ದೀರಾ ಭಾಗಕ್ಕಾ?"

ಭಾಗಮ್ಮ ಬೆಚ್ಚಲಿಲ್ಲ. "ನಿನ್ನ ಹೆಸ್ರು ತಗೊಂಡು ನಾನೇನು ಮಾಡ್ಲಿ ಮಾರಾಯ್ತಿ? ಇದ್ರಲ್ಲಿ ಹುಳ ಇದೆ."

"ಎಲೆ ಹಸಿರಾಗಿದೆಯಲ್ಲ!"

"ಹಳದಿ ಆಗೋ ಹೊತ್ತಿಗೆ ಹುಳ ದೊಡ್ಡದಾಗಿರುತ್ತೆ. ಅದು ಕೊರೆದ ಕಡೆ ತೊಗಟೆ ಉಬ್ಬಿರುತ್ತೆ, ಕೈ ಇಟ್ಟು ನೋಡು."

ಅರುಣಾ ಕೈ ಇಟ್ಟಳು. ಏನೂ ತಿಳಿಯಲಿಲ್ಲ. "ನಂಗೇ ಹೇಳ್ಬೋದಿತ್ತಲ್ಲ?"

"ಹೇಳಿದ್ರೆ ನಂಬ್ತಿದ್ಯಾ?" ಎಂದು ಭಾಗಮ್ಮ ಹಾಜರಿಗೆ ಹೊರಟುಹೋದಳು.

ಅರುಣಾ ಆಗಲೂ ನಂಬಲಿಲ್ಲ. ನಿಜ ಏನೆಂದು ತಿಳಿಯಲಿ ಎಂದು, ಯಾರು ಕಟ್ಟಿದ್ದೆಂದು ಹೇಳದೆಯೇ ಗೌಡರನ್ನೂ ಪ್ರಸಾದನನ್ನೂ ಕರೆತಂದು, ನೀಲಿ ಬಟ್ಟೆಯ ಗಿಡಗಳನ್ನು ಸೀಳಿ ನೋಡಿ ಎಂದಳು. ಮೊದಲನೆಯದರಲ್ಲಿ ಬರೀ ಬಿಳಿ ಮರ. ಪ್ರಸಾದ್ ನಕ್ಕ. ಎರಡನೆಯದನ್ನು ಸೀಳಿದಾಗ ಪುಡಿ ತುಂಬಿದ ಸುರಂಗ ಕಂಡಿತು, ಅದರ ಕೊನೆಯಲ್ಲಿ ಹುಳ. ಮೂರನೆಯದರಲ್ಲೂ, ನಾಲ್ಕನೆಯದರಲ್ಲೂ ಹುಳ.

ಗೌಡರು ತಲೆದೂಗಿದರು. "ಭಲೇ ಅರುಣಾ! ಹಸಿರು ಗಿಡದಲ್ಲೂ ಕಂಡುಹಿಡಿದ್ಯಲ್ಲ."

ಅರುಣಾ ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ನಾನಲ್ಲ ಗೌಡ್ರೇ. ಭಾಗಕ್ಕ. ಹೋದ ವರ್ಷ ನಾನು ಅವ್ರ ಮೇಲೆ ಹೇಳಿದ್ದು ಸರಿಯಲ್ಲ. ಅವ್ರು ಕಣ್ಣಲ್ಲಿ ನೋಡ್ತಾನೇ ಇರ್ಲಿಲ್ಲ, ಕೈಯಲ್ಲಿ ನೋಡ್ತಿದ್ರು."

ಮಾರನೆಯ ದಿನದಿಂದ ಇಬ್ಬರೂ ಒಟ್ಟಿಗೆ ಗಿಡ ನೋಡಬೇಕೆಂದು ಗೌಡರು ಹೇಳಿದರು.

ಮೊದಲ ದಿನ ಭಾಗಮ್ಮ ಅರುಣಾಳಿಗೆ ಬೆನ್ನು ಹಾಕಿ ತನ್ನ ಪಾಡಿಗೆ ಸಾಲು ನೋಡುತ್ತಾ ಹೋದಳು. ಎರಡನೆಯ ದಿನ ಅವಳು ಮುಟ್ಟಿ ಬಿಟ್ಟ ಗಿಡಗಳನ್ನು ಅರುಣಾ ಹಿಂದಿನಿಂದ ಕದ್ದು ಮತ್ತೆ ಸವರುತ್ತಿದ್ದಳು. ಭಾಗಮ್ಮ ತಿರುಗಿದಳು.

"ಅನುಮಾನ ಹೋಗ್ಲಿಲ್ಲ ಅಲ್ವಾ?"

ಅರುಣಾ ಕೈ ಹಿಂದಕ್ಕೆಳೆದುಕೊಂಡಳು.

"ತೆಗೀಬೇಡ. ಏನು ತಿಳೀತು ಹೇಳು."

"ಇಲ್ಲಿ ಚೂರು ಉಬ್ಬಿದೆ."

"ಅದು ಗಿಡದ್ದೇ ಗಂಟು ಕಣೇ," ಎಂದು ಭಾಗಮ್ಮ ಅವಳ ಕೈ ಹಿಡಿದು ಕೆಳಗೆ ಜಾರಿಸಿದಳು. "ಇನ್ನೂ ಬುಡಕ್ಕೆ ಬಾ. ಮೆಲ್ಲಗೆ."