ಗೋದಾಬಾಯಿಯವರ ಶುದ್ಧ ಪ್ರತಿ

ಕನ್ನಡ ಪ್ರಹಸನದಲ್ಲಿ ಮಾತು ಹೇಗೆ ನಗು ಹುಟ್ಟಿಸುತ್ತದೆ ಎಂದು ಪಿಎಚ್‌ಡಿ ಮಾಡಲು ಮೈಸೂರಿನಿಂದ ಹೈದರಾಬಾದಿಗೆ ಬಂದವಳು ನಾನು. ನಗುವಿನ ಸಿದ್ಧಾಂತದ ಪುಸ್ತಕಗಳು ಲೈಬ್ರರಿ ತುಂಬ ಇದ್ದವು. ಓದಿದರೆ ಅಳು ಬರುತ್ತಿತ್ತು. ನನಗೆ ಬೇಕಾಗಿದ್ದು ಇಲ್ಲಿಯ ಕನ್ನಡದವರು ಆಡಿದ ನಾಟಕಗಳು. ಅವು ಎಲ್ಲೂ ಅಚ್ಚಾಗಿರಲಿಲ್ಲ. ಸೋಮವಾರದೊಳಗೆ ಸಾಮಗ್ರಿ ತೋರಿಸದಿದ್ದರೆ ವಿಷಯ ಬದಲಿಸು ಎಂದು ಗೈಡ್ ಹೇಳಿಬಿಟ್ಟಿದ್ದರು.

ನನಗಿದ್ದ ಒಂದೇ ಆಸರೆ ಇದೇ ಊರಿನ ಮಲ್ಕಾಜ್‌ಗಿರಿ ಬಡಾವಣೆಯ ಗೋದಾಬಾಯಿ. ಅವರ ಯಜಮಾನರು, ಈಗಿಲ್ಲದ ವಿಠಲರಾಯರು, ರೈಲ್ವೆ ನೌಕರಿಯ ಜತೆಗೆ ಮೂವತ್ತು ವರ್ಷ ಕನ್ನಡ ಸಂಘಕ್ಕೆ ಪ್ರಹಸನ ಬರೆದು ಆಡಿದವರು. "ಹದಿನೈದು ದಿನ ಬಿಟ್ಟು ಬರ್ರಿ, ಕೊಡ್ತೀನಿ," ಎಂದು ಫೋನಿನಲ್ಲಿ ಹೇಳಿದ್ದರು.

ಶನಿವಾರ ಹೋದೆ. ಹೊಸ ನೋಟ್‌ಬುಕ್ಕು, ಮುತ್ತಿನಂಥ ಅಕ್ಷರ. ಮೊದಲ ಪುಟದಲ್ಲಿ ಸ್ಟೇಷನ್ ಮಾಸ್ತರ ಗಂಡ ಊಟ ಕೇಳುತ್ತಾನೆ. ಹೆಂಡತಿಯ ಉತ್ತರ: "ಅನ್ನವು ಇನ್ನೂ ಸಿದ್ಧವಾಗಿಲ್ಲ. ದಯವಿಟ್ಟು ಕಾಯಿರಿ."

ಪ್ರಹಸನದಲ್ಲಿ ಪಠ್ಯಪುಸ್ತಕದ ಕನ್ನಡ! "ಅಜ್ಜಿ, ರಾಯರು ಹೀಗೇ ಬರೆದಿದ್ರಾ?"

"ಛೇ, ಅವರದು ಬರೇ ಮನೀ ಮಾತು. ಯುನಿವರ್ಸಿಟಿಯವರ ಮುಂದ ಅದನ್ನ ಹೆಂಗ ಇಡೂದು? ಕೂತು ಶುದ್ಧ ಮಾಡಿ ಬರದೀನ್ರಿ. ಹಳೇ ಹಾಳಿ ನಿನ್ನೆ ರದ್ದಿಗೆ ಹಾಕಿದೆ."

ಸಿಟ್ಟು ನೆತ್ತಿಗೇರಿತು. ಆದರೆ ಅವರ ಬೆರಳುಗಳಿಗೆ ಅಂಟಿದ ಶಾಯಿ ಕಂಡು ಇಳಿಯಿತು. ಮನೆಗೆ ಬಂದವರಿಗೆ ಒಳ್ಳೆಯ ತಟ್ಟೆ ತೆಗೆದಿಡುವ ಹಾಗೆ ಒಳ್ಳೆಯ ಕನ್ನಡ ತೆಗೆದಿಟ್ಟಿದ್ದರು, ಪಾಪ.

"ಜನ ಎಲ್ಲಿ ನಗ್ತಿದ್ರು, ಅಜ್ಜಿ?" ಎಂದೆ ಸೋತ ದನಿಯಲ್ಲಿ.

ಅವರು ಪುಟ ನೋಡಿದರು. ಹುಬ್ಬು ಗಂಟಿಕ್ಕಿತು. "ಇಲ್ಲೇ ನಗತಿದ್ರು. ಆದ್ರ ಹಿಂಗಂದ್ರ ಯಾರು ನಗತಾರ?" ಎಂದವರು, ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದರು: "ಅನ್ನ ಔಟರ್‌ನ್ಯಾಗ ನಿಂತದರಿ. ಸಿಗ್ನಲ್ ಸಿಗವಲ್ದು."

ಸ್ಟೇಷನ್ನಿನ ಹೊರಗೆ ಸಿಗ್ನಲ್ಲಿಗೆ ಕಾದು ನಿಂತ ರೈಲಿನಂಥ ಅನ್ನ ನೆನೆದು ನಾನು ಗೊಳ್ಳೆಂದು ನಕ್ಕೆ. ನನ್ನ ನಗು ಮುಗಿಯುವವರೆಗೆ ಕಾದು, ಗಂಡನ ಮಾತನ್ನೂ ಪಿಸುಗುಟ್ಟಿದರು: "ಹಂಗಾರ ಪಲ್ಯಾನರ ಮುಂದ ಬಿಡು." ಹಾಗೇ ಇಡೀ ದೃಶ್ಯ ಹೇಳಿ ಮುಗಿಸಿದರು, ಎಲ್ಲೂ ತಡವರಿಸದೆ.

"ಎಲ್ಲಾ ಬಾಯಿಪಾಠವಾ?"

"ಮೂವತ್ತು ವರ್ಷ ಪರದೆ ಹಿಂದ ನಿಂತು ಅವರಿಗೆ ಮಾತು ಎತ್ತಿಕೊಟ್ಟಾಕಿ ನಾನ. ಜನ ನಕ್ಕು ಮುಗಿಯೂತನಾ ಮುಂದಿನ ಮಾತು ಕೊಡಬಾರದು."

ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿದೆ. ಪಿಸುಮಾತು ಅದಕ್ಕೆ ಸಿಗಲಿಲ್ಲ. "ಸ್ವಲ್ಪ ಜೋರಾಗಿ, ಅಜ್ಜಿ."

"ಜೋರಾಗಿ ನಾ ಎಂದೂ ಹೇಳಿಲ್ರಿ."

ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದು ನಿಂತು, ಪಕ್ಕದ ಮನೆಯವರಿಗೂ ಕೇಳುವಂತೆ ಅನ್ನವನ್ನು ಔಟರಿನಲ್ಲಿ ನಿಲ್ಲಿಸಿದರು.