ಈ ಸಲದ ಬಣ್ಣ ನನ್ನದಲ್ಲ

ಕಕ್ಕಸಿನ ಬಾಗಿಲು ದಢಾರನೆ ತೆಗೆದು ಹೊರಬಂದ ಚಿಕ್ಕಪ್ಪ, ಕೈಗೆ ಸಿಕ್ಕ ಬ್ರಷ್ಷನ್ನು ನನ್ನ ತಲೆಗೇ ಗುರಿಯಿಟ್ಟು ಬೀಸಿದ.

"ಅವತ್ತು ನೀಲಿ, ಇವತ್ತು ಕೆಂಪಾ? ಒಂದೇ ಕಾಮಿಡಿನ ಎಷ್ಟು ಸಲ ಓಡಿಸ್ತೀಯೋ? ಜನ ಸೀಟು ಹರೀತಾರೆ!"

ನಮ್ಮದು ಬೋರ್ಡು ಬರೆಯುವ ಅಂಗಡಿ. ಅಕ್ಷರ ಚಿಕ್ಕಪ್ಪನದು, ಅದರೊಳಗೆ ಬಣ್ಣ ತುಂಬುವುದು ನನ್ನ ಕೆಲಸ. ಬೇಸರವಾದರೆ ಬೇರೆ ಕಡೆಯೂ ತುಂಬುತ್ತೇನೆ. ಹಿಂದೊಮ್ಮೆ ಕಮೋಡಿನ ಅಂಚಿಗೆ ನೀಲಿ ಪುಡಿ ಉದುರಿಸಿದ್ದೆ. ತನ್ನ ಉಚ್ಚೆಯೇ ನೀಲಿಯಾಯಿತೆಂದು ಬೆದರಿ ಚಿಕ್ಕಪ್ಪ ಪ್ಯಾಂಟು ಹಿಡಿದುಕೊಂಡು ಬೀದಿಯ ತನಕ ಓಡಿದ್ದ.

ಆದರೆ ಕೆಂಪು ನಾನು ಹಾಕಿರಲಿಲ್ಲ.

ಒಳಗೆ ಇಣುಕಿದೆ. ಬಿಳಿ ಕಮೋಡು, ಕೆಂಪು ನೀರು. ಇಂಥ ಕ್ಲೋಸಪ್ ನನಗೆ ಬೇಡವಾಗಿತ್ತು.

"ಚಿಕ್ಕಪ್ಪಾ, ಇದು ರಕ್ತ. ತಾಯಾಣೆ ನಾನಲ್ಲ."

"ಹೋದ ಸಲಾನೂ ಇದೇ ಆಣೆ, ಇದೇ ಮುಖ. ಅತ್ತಿಗೆಗೆ ಎಷ್ಟು ಆಯಸ್ಸು ಇಟ್ಟಿದೀಯೋ?"

"ನೋವಿದೆಯಾ? ಉರಿ?"

"ಏನಿಲ್ಲ. ನೋವೇ ಇಲ್ಲ ಅಂದ್ಮೇಲೆ ಎಂಥಾ ಕಾಯಿಲೆ? ಸುಮ್ನೆ ಕೆಲ್ಸ ನೋಡು."

ಚಿಕ್ಕಮ್ಮನಿಗೆ ಫೋನ್ ಮಾಡಿದೆ. "ಆ್ಯಕ್ಟಿಂಗ್ ಸುಧಾರಿಸಿದೆ ಕಣೋ, ದನಿ ನಡುಗಿಸೋದೂ ಕಲ್ತಿದೀಯ," ಎಂದು ನಕ್ಕು ಇಟ್ಟಳು. ನನ್ನ ದನಿ ತಾನಾಗಿಯೇ ನಡುಗುತ್ತಿತ್ತು.

ಮಧ್ಯಾಹ್ನ ಚಿಕ್ಕಪ್ಪ ಮತ್ತೆ ಹೋಗಿ ಬಂದ. ಈಗ ಮಾಮೂಲಿ ಬಣ್ಣವಂತೆ. "ಸ್ಟಾಕ್ ಖಾಲಿನಾ?" ಎಂದು ಕಣ್ಣು ಹೊಡೆದ. ಒಂದು ಅಕ್ಷರಕ್ಕೂ ನೆಟ್ಟಗೆ ಬಣ್ಣ ತುಂಬಲಾಗದೆ, ಹೊರಗೆ ಹೋಗಿ ಆಸ್ಪತ್ರೆಗೆ ಫೋನ್ ಹಚ್ಚಿದೆ.

"ಈಗ ನಿಂತಿದೆ ಮೇಡಂ, ನೋವೂ ಇಲ್ವಂತೆ," ಎಂದೆ.

"ನೋವಿಲ್ದೆ ಮೂತ್ರದಲ್ಲಿ ರಕ್ತ ಹೋದ್ರೆ ಇನ್ನೂ ಬೇಗ ತೋರಿಸ್ಬೇಕು," ಎಂದಳು ನರ್ಸ್. "ಒಂದೇ ಸಲ ಬಂದು ನಿಂತ್ರೂ ವಾಸಿಯಾಯ್ತು ಅಂತಲ್ಲ. ನಾಳೆ ಬೆಳಿಗ್ಗೆನೇ ಯೂರಾಲಜಿಸ್ಟ್ ಹತ್ರ ಕರ್ಕೊಂಡ್ ಬನ್ನಿ."

ಸತ್ಯ ಹೇಳಿದರೆ ಆಸಾಮಿ ಕದಲುವುದಿಲ್ಲ. ಸುಳ್ಳಂತೂ ನನ್ನ ಕೈಯಲ್ಲೇ ಇತ್ತು.

"ಆಸ್ಪತ್ರೆಯವರಿಗೆ ಹೊಸ ಬೋರ್ಡ್ ಬೇಕಂತೆ ಚಿಕ್ಕಪ್ಪ. ನಾಳೆ ಅಳತೆಗೆ ಬರ್ಬೇಕಂತೆ."

ಮರುದಿನ ಚಿಕ್ಕಪ್ಪ ಇಸ್ತ್ರಿ ಅಂಗಿ ಹಾಕಿ ಬಂದ. ಬೆಂಚಿನ ಮೇಲೆ ಕುಳಿತವನೇ ಎದುರಿನ ಬಾಗಿಲು ನೋಡಿ ಲೊಚಗುಟ್ಟಿದ.

"'ಮೂತ್ರರೋಗ ತಜ್ಞರು'. ಒತ್ತಕ್ಷರ ನೋಡು, ಮೇಲಿಂದ ಬಿದ್ದು ಸೊಂಟ ಮುರ್ಕೊಂಡಂಗಿದೆ. ಯಾವನೋ ಬರ್ದೋನು?"

ನರ್ಸ್ ಬಾಗಿಲಿನಿಂದ ಇಣುಕಿದಳು. "ನಿನ್ನೆ ರಕ್ತ ಹೋಯ್ತು ಅಂತ ಫೋನ್ ಮಾಡಿದ್ರಲ್ಲ, ಆ ಪೇಷಂಟ್ ಬನ್ನಿ."

ಚಿಕ್ಕಪ್ಪ ಬಾಗಿಲು ನೋಡಿದ, ಬಳಿಕ ನನ್ನನ್ನು. ಎದ್ದು ಮೆಟ್ಟಿಲಿನತ್ತ ಹೊರಟೇಬಿಟ್ಟ. ಓಡಿ ಅಡ್ಡ ನಿಂತೆ. ಇಸ್ತ್ರಿ ಅಂಗಿಯ ತೋಳು ಹಿಡಿದೆ.

"ಭಯ ಆಗ್ತಿದೆ ಚಿಕ್ಕಪ್ಪ."

ಅವನು ನನ್ನ ಮುಖವನ್ನೇ ನೋಡಿದ. ತುಟಿಯ ಅಂಚಿನಲ್ಲಿ ನಗು ಅಡಗಿದೆಯೇ ಎಂದು ಹುಡುಕುತ್ತಿದ್ದನೇನೋ.

"ನೀನು ನಿನ್ನಕ್ಕನ ಮನೆಗೆ ಹೋಗಿದ್ದಾಗ್ಲೂ ಒಂದ್ಸಲ ಕೆಂಪಾಗಿತ್ತು," ಎಂದ ಮೆಲ್ಲಗೆ. "ಹೋಗೋ ಮುಂಚೆ ಪುಡಿ ಉದುರಿಸಿ ಹೋಗಿದೀಯ ಅಂದ್ಕೊಂಡೆ."

"ನನ್ಹತ್ರ ನೀಲಿ ಒಂದೇ ಇದ್ದಿದ್ದು."

"ಅವತ್ತು ಬೆಳಿಗ್ಗೆ ನಾನೇ ಕಕ್ಕಸು ಉಜ್ಜಿ ತೊಳ್ದಿದ್ದೆ ಕಣೋ." ಅವನ ದನಿ ಇಳಿಯಿತು. "ಆದ್ರೂ ನೀನೇ ಅಂದ್ಕೊಂಡೆ. ನೀನೇ ಆಗಿದ್ರೆ ಚೆನ್ನಾಗಿತ್ತು."

ಒಳಗೆ ಡಾಕ್ಟರು ಸಿಗರೇಟಿನ ಬಗ್ಗೆ ಕೇಳಿದರು, ಬಣ್ಣ ಮತ್ತು ಥಿನ್ನರ್ ಜೊತೆ ಎಷ್ಟು ವರ್ಷದ ಒಡನಾಟ ಎಂದು ಕೇಳಿದರು. ಚಿಕ್ಕಪ್ಪ ಏನನ್ನೂ ಮುಚ್ಚಿಡಲಿಲ್ಲ. ಸ್ಕ್ಯಾನ್ ಮಾಡಿಸಬೇಕು, ಆಮೇಲೆ ಕ್ಯಾಮೆರಾ ಹಾಕಿ ಮೂತ್ರಕೋಶದ ಒಳಗೆ ನೋಡಬೇಕು ಎಂದರು ಡಾಕ್ಟರು. "ಏನೂ ಇಲ್ದೇನೂ ಇರ್ಬಹುದು. ನೋಡ್ದೆ ಹೇಳೋಕಾಗಲ್ಲ. ಮೊದಲನೇ ಸಲಕ್ಕೇ ಬರ್ಬೇಕಿತ್ತು."

ಸ್ಕ್ಯಾನ್ ಕೋಣೆಯ ಹೊರಗೆ ಚಿಕ್ಕಪ್ಪ ಒಂದೇ ಸಮ ಕಾಲು ಕುಣಿಸುತ್ತಿದ್ದ. ಪಕ್ಕದಲ್ಲಿ ನನ್ನ ಕಾಲೂ ಕುಣಿಯುತ್ತಿತ್ತು.

"ನಿನ್ನ ಚಿಕ್ಕಮ್ಮಂಗೆ ಹೇಳ್ಬೇಕು," ಎಂದ.

ನಾನು ಫೋನ್ ತೆಗೆದು ನಂಬರ್ ಒತ್ತಿದೆ. ರಿಂಗ್ ಆಗತೊಡಗಿತು.

"ಇಲ್ಲಿ ಕೊಡು," ಎಂದು ಕೈ ಚಾಚಿದ. "ನೀನು ಹೇಳಿದ್ರೆ ಅವಳು ನಂಬಲ್ಲ."