ಸೇರುವ ಮೊದಲು ಬೇರೆಯಾಗುವ ಮಾತು

ಅತ್ತಿಗೆ ಹೊಲಿಗೆ ಅಂಗಡಿ ಇಟ್ಟುಕೊಂಡವಳು, ನಾದಿನಿ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಒಂದೇ ಮನೆಯಲ್ಲಿದ್ದರೂ ಇಬ್ಬರದೂ ಎಣ್ಣೆ-ಸೀಗೇಕಾಯಿ. ಫ್ಯಾನು ಜೋರಾಗಿ ತಿರುಗಬೇಕೋ ಮೆಲ್ಲಗೋ ಎನ್ನುವುದಕ್ಕೂ ಜಟಾಪಟಿ. ಆದರೆ ಆಸೆ ಮಾತ್ರ ಇಬ್ಬರಿಗೂ ಒಂದೇ: ಬಾಡಿಗೆಗೆ ಬಿಡಲು ಒಂದು ಪುಟ್ಟ ಮನೆ. ಒಬ್ಬೊಬ್ಬರ ಉಳಿತಾಯದಲ್ಲಿ ಅದು ಆಗದ ಮಾತು. ಕೂಡಿ ಕೊಳ್ಳೋಣ ಎಂದು ಹೊರಟಾಗ, ಒಬ್ಬಳಿಗೆ ಗಂಡ, ಇನ್ನೊಬ್ಬಳಿಗೆ ಅಣ್ಣನಾದವನು ನಕ್ಕುಬಿಟ್ಟ.

"ಎರಡು ಜಡೆ ಒಂದೆಡೆ ಸೇರಲ್ಲ ಅಂತಾರೆ, ನೀವು ಒಂದೇ ಸೂರು ಕೊಳ್ತೀರಾ? ನನ್ನನ್ನ ಮಾತ್ರ ಪಂಚಾಯ್ತಿಗೆ ಕರೀಬೇಡಿ."

ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಒಂದು ಕೂಟ ಸೇರುತ್ತಿತ್ತು. ಮನೆ ಕೊಂಡು ಬಾಡಿಗೆಗೆ ಬಿಟ್ಟವರು, ಕೊಳ್ಳಬೇಕೆಂದಿರುವವರು ಅಲ್ಲಿ ಕೂತು ಗೊತ್ತಿದ್ದನ್ನು ಹೇಳುತ್ತಿದ್ದರು, ಗೊತ್ತಿಲ್ಲದ್ದನ್ನು ಕೇಳುತ್ತಿದ್ದರು. ಹಿರಿಯ ಎಂದರೆ ಒಬ್ಬ ನಿವೃತ್ತ ಬಸ್ ಡ್ರೈವರ್. ಯಾವ ಮನೆಗೆ ಕಾಲಿಟ್ಟರೂ ಮೊದಲು ನಲ್ಲಿ ತಿರುಗಿಸುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ನಲ್ಲಿ ಮಾಮ.

"ಮಾರೋರನ್ನ ಕೇಳ್ಬೇಡಿ, ಪಕ್ಕದ ಮನೆಯೋರನ್ನ ಕೇಳಿ. ಮನೆ ನೋಡಿ ಮನಸ್ಸು ಕುಣೀತು ಅಂದ್ರೆ ಅವತ್ತು ಸಹಿ ಹಾಕ್ಬೇಡಿ, ಮನೆಗೆ ಹೋಗಿ ಮಲಗಿ," ಎನ್ನುತ್ತಿದ್ದ.

ನಾದಿನಿಯ ಮನಸ್ಸು ಕುಣಿದೇಬಿಟ್ಟಿತು. ಮೂಲೆಯ ಮನೆ, ಎರಡು ಕಡೆ ಕಿಟಕಿ, ನೆಲದ ತುಂಬ ಬಿಸಿಲು. "ಇದೇ ಅತ್ತಿಗೆ, ಇದೇ!" ಎಂದು ಕೈ ಹಿಡಿದುಕೊಂಡಳು.

ಅತ್ತಿಗೆಯ ಕಣ್ಣು ಹಿಂದಿನ ಕೋಣೆಯಲ್ಲಿತ್ತು. ಇಡೀ ಮನೆಯಲ್ಲಿ ಅದೊಂದೇ ಗೋಡೆಗೆ ಹೊಸ ಬಣ್ಣ. ಕೆಳಗೆ ಆಗಲೇ ಬಣ್ಣ ಗುಳ್ಳೆ ಎದ್ದಿತ್ತು. ಪಕ್ಕದ ಮನೆಯಾಕೆಯನ್ನು ಕೇಳಿದರೆ, "ನಮಗ್ಯಾಕಮ್ಮ ಊರ ಉಸಾಬರಿ," ಎಂದು ಬಾಗಿಲು ಹಾಕಿಕೊಂಡಳು.

"ಮೇಲೆ ಥಳಕು, ಒಳಗೆ ಹುಳುಕು. ಬೇಡ," ಎಂದಳು ಅತ್ತಿಗೆ.

"ನಾನು ಇಷ್ಟಪಟ್ಟೆ ಅಂತಾನೇ ಬೇಡ ಅಂತಿದ್ದೀರಿ."

ವಾರವಿಡೀ ನಾದಿನಿಯ ಮುಖ ಊದಿಕೊಂಡೇ ಇತ್ತು. ಮುಂದಿನ ಭಾನುವಾರ ಒಂದೇ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಕೂಟಕ್ಕೆ ಬಂದರು. ಗೋಡೆಯ ತೇವದ ಬಗ್ಗೆ ಕೇಳಬೇಕೆಂದು ಎದ್ದುನಿಂತ ಅತ್ತಿಗೆಯ ಬಾಯಿಂದ ಬೇರೆಯೇ ಪ್ರಶ್ನೆ ಬಂತು.

"ಇಬ್ಬರು ಸೇರಿ ಕೊಳ್ಳುವಾಗ ಒಬ್ಬರಿಗೆ ಬೇಕು, ಒಬ್ಬರಿಗೆ ಬೇಡ ಅಂದ್ರೆ ಏನ್ ಮಾಡ್ಬೇಕು?"

ಹಲ್ಲಿನ ಡಾಕ್ಟರೊಬ್ಬಳು ಮೆಲ್ಲಗೆ ಹೇಳಿದಳು: "ನಾನೂ ನನ್ನ ಗೆಳತಿಯೂ ಕೂಡಿ ಕೊಂಡ್ವಿ. ಮನೆ ಚೆನ್ನಾಗೇ ಇದೆ. ನಾವು ಮಾತ್ರ ಈಗ ಮಾತಾಡೋದು ವಕೀಲರ ಮೂಲಕ."

ನಲ್ಲಿ ಮಾಮ ಗಂಟಲು ಸರಿಮಾಡಿಕೊಂಡ. "ಸೇರೋಕೆ ಮೊದಲು, ಹೇಗೆ ಬೇರೆ ಆಗ್ತೀವಿ ಅಂತ ಕೂತು ಮಾತಾಡಿ, ಬರೆದಿಡಿ. ಪ್ರೀತಿ ಇದ್ದಾಗ ಬರೆದ್ರೆ ನ್ಯಾಯವಾಗಿ ಬರೀತೀರಿ. ಜಗಳ ಆದಮೇಲೆ ಬರೆದ್ರೆ ಬರೀ ಹಠ."

"ಪ್ರೀತಿನೇ ಇಲ್ಲದಿದ್ರೆ?" ಹಿಂದಿನ ಸಾಲಿನಿಂದ ನಾದಿನಿ.

"ಹಾಗಾದ್ರೆ ಇವತ್ತೇ ಬರೀರಿ ತಾಯಿ!"

ಎಲ್ಲರೂ ನಕ್ಕರು. ಅತ್ತಿಗೆಗೂ ತಡೆಯಲಾಗಲಿಲ್ಲ.

ಮಧ್ಯಾಹ್ನ ಅತ್ತಿಗೆಯ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿಗೆ ಎದುರುಬದುರು ಕೂತರು. ಒಬ್ಬರು ಮಾರಬೇಕೆಂದರೆ ಮೊದಲು ಇನ್ನೊಬ್ಬರನ್ನು ಕೇಳಬೇಕು. ರಿಪೇರಿ ಖರ್ಚು ಅರ್ಧರ್ಧ. ಇಷ್ಟಕ್ಕೆ ತಕರಾರಿಲ್ಲ.

"ಒಬ್ಬರು ಹೋಗಿಬಿಟ್ರೆ?" ಎಂದಳು ನಾದಿನಿ.

"ಎಲ್ಲಿಗೆ?"

"ಮೇಲಕ್ಕೆ."

"ಬಿಡ್ತು ಅನ್ನು! ಮನೆ ಕೊಳ್ಳೋಕೆ ಮೊದಲೇ ನನ್ನ ಕಳಿಸ್ತೀಯಾ?"

"ನಿಮ್ಮದಲ್ಲ, ನನ್ನದು." ನಾದಿನಿ ತಲೆ ಎತ್ತಲಿಲ್ಲ. "ನನ್ನ ಪಾಲು ಪುಟ್ಟಿಗೆ ಅಂತ ಬರೀರಿ."

ಪುಟ್ಟಿ ಅತ್ತಿಗೆಯ ಮಗಳು. ಅತ್ತಿಗೆ ಪೆನ್ನು ಕೆಳಗಿಟ್ಟಳು.

"ಆ ಮನೆ ಬಿಸಿಲು ನೋಡಿದಾಗ, ಮುಂದೊಂದು ದಿನ ಅವಳು ಅಲ್ಲಿ ಕೂತು ಓದೋದು ಕಣ್ಣಿಗೆ ಕಟ್ಟಿತು," ಎಂದಳು ನಾದಿನಿ. "ಅದಕ್ಕೇ ಅಷ್ಟು ಹಠ ಮಾಡಿದ್ದು."

"ನೀನು ನಮ್ಮನ್ನ ಬಿಟ್ಟು ಬೇರೆ ಹೋಗೋಕೆ ದುಡ್ಡು ಕೂಡಿಡ್ತಿದ್ದೀಯ ಅಂದ್ಕೊಂಡಿದ್ದೆ ಕಣೇ."

"ಅದೂ ಇತ್ತು. ನಿಮ್ಮ ಫ್ಯಾನಿನ ಕಾಟಕ್ಕೆ."

ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಗುವಿನದ್ದೆಷ್ಟು, ಬೇರೆಯದ್ದೆಷ್ಟು ಎಂದು ಯಾರೂ ವಿಚಾರಿಸಲಿಲ್ಲ. ಕೊನೆಯ ಮಾತನ್ನು ನಾದಿನಿಯೇ ಬರೆದಳು: ಇಬ್ಬರಲ್ಲಿ ಯಾರು ಬೇಡ ಅಂದರೂ ಕೊಳ್ಳುವುದು ಬೇಡ. ಮೂಲೆಯ ಮನೆ ಕೈಬಿಟ್ಟುಹೋಗುತ್ತದೆಂದು ಗೊತ್ತಿದ್ದೇ ಬರೆದಳು.

ಅದನ್ನು ಬೇರೆ ಯಾರೋ ಕೊಂಡರು. ಅವರಿಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ, ಇವರಿಗೆ ತಿಳಿಯಲೇ ಇಲ್ಲ. ಹತ್ತಾರು ಮನೆ ಹತ್ತಿಳಿದ ಮೇಲೆ ಪ್ರಿಂಟಿಂಗ್ ಪ್ರೆಸ್ಸಿನ ಎದುರು ಒಂದು ಮನೆ ಸಿಕ್ಕಿತು. ನೋಡಲು ಅಂದಗೇಡಿ, ಕಡಿದಾದ ಮೆಟ್ಟಿಲು, ಆದರೆ ಗೋಡೆಗಳೆಲ್ಲ ಒಣಗಿ ಗಟ್ಟಿ. ಪಕ್ಕದ ಮನೆಯಾತ ಮನೆಯ ಗುಣ, ಅವಗುಣ ಎರಡನ್ನೂ ಬಾಯ್ತುಂಬ ಹೇಳಿದ. ಮನೆಗೆ ಬಂದು ಮಲಗಿದರು. ಬೆಳಿಗ್ಗೆ ಎದ್ದಾಗಲೂ ಇಬ್ಬರಿಗೂ ಅದೇ ಬೇಕಿತ್ತು.

ಮೊದಲು ಬಾಡಿಗೆಗೆ ಬಂದವಳು ಒಬ್ಬ ನರ್ಸ್, ಜೊತೆಗೆ ಅವಳ ತಾಯಿ. ತಾಯಿ ಗೋಡೆ ಗಡಿಯಾರವನ್ನು ಎದೆಗವಚಿಕೊಂಡು ಅಳುಕುತ್ತಾ ಕೇಳಿದಳು: "ಒಂದು ಮೊಳೆ ಹೊಡೀಬಹುದಾ?"

"ಎಲ್ಲಿ ಬೇಕು ತೋರಿಸಿ," ಎಂದು ನಾದಿನಿ ಸುತ್ತಿಗೆ ಹುಡುಕಲು ಹೋದಳು. ಅತ್ತಿಗೆ ಕುರ್ಚಿ ಎಳೆದು, ಅದು ಅಲುಗದ ಹಾಗೆ ಹಿಡಿದು ನಿಂತಳು.